ಮನೆಯ ಟೊಮೆಟೊ ಸಾಸ್ ಉಪ್ಪಿನಕಾಯಿಯಲ್ಲ

ಕೋಲಾರದ ಕಡೆಯಿಂದ ಹಳೆ ಮದ್ರಾಸ್ ರಸ್ತೆಯಲ್ಲಿ ಬರುವ ಟೊಮೆಟೊ ಕೆ.ಆರ್. ಪುರಂ, ಹಲಸೂರು, ಶಿವಾಜಿನಗರದ ಮಾರುಕಟ್ಟೆಗಳಲ್ಲಿ ರಾಶಿ ಬಿದ್ದು ಬೆಲೆ ಕುಸಿದಾಗ, ಮನೆಗೆ ಒಮ್ಮೆಗೇ ಐದಾರು ಕಿಲೋ ಬರುವುದುಂಟು. ಇಂದಿರಾನಗರದಂಥ ಬಡಾವಣೆಗಳಲ್ಲಿ ತಾರಸಿಯ ಕುಂಡಗಳಲ್ಲಿ ಬೆಳೆಸಿದವರಿಗೂ ಹಣ್ಣೆಲ್ಲ ಒಟ್ಟಿಗೇ ಮಾಗುತ್ತದೆ. ಆಗ ಸಾಸ್ ಮಾಡಿಡುವುದು ಒಳ್ಳೆಯ ಉಪಾಯ. ಆದರೆ ಅದನ್ನು ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಇಡುವುದು ಅಪಾಯ.

ಹುಳಿಯೇ ಕಾವಲು

ಉಪ್ಪಿನಕಾಯಿಯನ್ನು ಕಾಪಾಡುವುದು ಅದರ ಹೇರಳ ಉಪ್ಪು ಮತ್ತು ಹುಳಿ. ಸಾಸ್‌ನಲ್ಲಿ ಉಪ್ಪು ಕಡಿಮೆ, ಹುಳಿಯೇ ಆಸರೆ. ಹುಳಿಯನ್ನು ಪಿಎಚ್ ಎಂಬ ಅಳತೆಯಿಂದ ಗುರುತಿಸುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಇದು 4.6ಕ್ಕಿಂತ ಕಡಿಮೆ ಇದ್ದರೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆಯಲಾರದು. ಟೊಮೆಟೊದ ಪಿಎಚ್ ಸುಮಾರು 4.3ರಿಂದ 4.9, ಅಂದರೆ ಗಡಿಯ ಆಚೀಚೆ. ಅತಿಯಾಗಿ ಮಾಗಿದ ಹಣ್ಣಿನಲ್ಲಿ ಹುಳಿ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಸೇರಿಸಿದರೆ ಅದು ಇನ್ನೂ ತಗ್ಗುತ್ತದೆ.

'ಚೆನ್ನಾಗಿ ಕುದಿಸಿದ್ದೇವಲ್ಲ' ಎನ್ನಬಹುದು. ಈ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅಲ್ಲದೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಹುಳಿ ಸಾಲದ ಸಾಸ್ ಅನ್ನು ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಹೊರಗಿಟ್ಟರೆ, ಗಾಳಿಯಿಲ್ಲದೆಡೆ ಅವು ಮೊಳೆತು ನರಗಳಿಗೆ ಪಾರ್ಶ್ವವಾಯು ತರುವ ವಿಷ ಉತ್ಪಾದಿಸಬಹುದು. ವಾಸನೆ, ರುಚಿಗಳಿಂದ ಅದು ಪತ್ತೆಯಾಗದೆ ಇರಬಹುದು. ಕಾಯಿಲೆ ಅಪರೂಪ, ಆದರೆ ಬಂದರೆ ಪ್ರಾಣಾಂತಿಕ. ಮೇಲೆ ಎಣ್ಣೆ ಸುರಿದರೆ ಗಾಳಿ ಇನ್ನಷ್ಟು ತಡೆಯುತ್ತದೆಯೇ ಹೊರತು ರಕ್ಷಣೆ ಸಿಗುವುದಿಲ್ಲ.

ಮಾಡುವ ವಿಧಾನ

ಗಟ್ಟಿಯಾದ, ಕೆಂಪಾದ ಎರಡು ಕಿಲೋ ಹಣ್ಣು ಆರಿಸಿ. ಹುಳಿ ಹೆಚ್ಚಿರುವ ನಾಟಿ ಟೊಮೆಟೊ ಸಿಕ್ಕರೆ ಉತ್ತಮ. ಒಡೆದ, ಕೊಳೆತ ಹಣ್ಣು ಬೇಡ. ತೊಳೆದು, ಹೆಚ್ಚಿ, ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿ, ಜರಡಿಯಲ್ಲಿ ಸೋಸಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಹಾಗೂ ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿ ತಿನ್ನುವುದರಿಂದ ಅವು ಬೇಡ. ಚಕ್ಕೆ, ಲವಂಗ, ಮೆಣಸುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಸೋಸಿದ ರಸಕ್ಕೆ ಇಳಿಬಿಡಿ. ನಾಲ್ಕು ದೊಡ್ಡ ಚಮಚ ಸಕ್ಕರೆ, ಎರಡು ಸಣ್ಣ ಚಮಚ ಉಪ್ಪು ಹಾಕಿ, ಮೂರನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸಿ. ಗಂಟನ್ನು ಹಿಂಡಿ ತೆಗೆದು, ಕೊನೆಯಲ್ಲಿ ನಾಲ್ಕು ದೊಡ್ಡ ಚಮಚ ವಿನೆಗರ್ ಬೆರೆಸಿ. ಮೊದಲೇ ಹಾಕಿದರೆ ಅದು ಆವಿಯಾಗಿ ಹೋಗುತ್ತದೆ.

ನೀರಿನಲ್ಲಿ ಕುದಿಸಿ ಒಣಗಿಸಿದ ಸಣ್ಣ ಸೀಸೆಗಳಲ್ಲಿ ತುಂಬಿ, ತಣಿದ ಕೂಡಲೇ ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ. ಹೆಚ್ಚಾದದ್ದನ್ನು ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಇಡಬಹುದು. ಒಣಗಿದ ಚಮಚವನ್ನೇ ಬಳಸಿ. ಬೂಷ್ಟು ಕಂಡರೆ ಮೇಲಿನ ಪದರ ತೆಗೆದು ಉಳಿದದ್ದನ್ನು ತಿನ್ನಬೇಡಿ, ಪೂರ್ತಿ ಚೆಲ್ಲಿ. ಮುಚ್ಚಳ ಉಬ್ಬಿದ್ದರೆ ರುಚಿ ನೋಡುವ ಸಾಹಸವೂ ಬೇಡ.

ಯಾರಿಗೆ ಎಷ್ಟು?

ಬೇಯಿಸಿದಾಗ ಸಿ ಜೀವಸತ್ವ ಸ್ವಲ್ಪ ನಷ್ಟವಾದರೂ, ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಹಾಗೆಂದು ಸಾಸ್ ತರಕಾರಿಗೆ ಬದಲಿಯಲ್ಲ. ದಿನಕ್ಕೆ ಒಟ್ಟು ಉಪ್ಪು ಐದು ಗ್ರಾಂ ಒಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಇರುವವರು ಉಪ್ಪನ್ನೂ ಮಧುಮೇಹಿಗಳು ಸಕ್ಕರೆಯನ್ನೂ ತಗ್ಗಿಸಿಕೊಳ್ಳಬಹುದು. ವಿನೆಗರ್ ಮಾತ್ರ ತಗ್ಗಿಸಬಾರದು. ಎದೆಯುರಿಯವರಿಗೆ ಹುಳಿ ಬಾಧಿಸಬಹುದು. ಮಂದಗೊಳಿಸಿದ ಟೊಮೆಟೊದಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳಿಯೇ ತಿನ್ನಬೇಕು.