ಸುಲಿದ ಡ್ಯಾಶ್‌ಬೋರ್ಡಿಗೆ ಬಣ್ಣ ಬೇಡ

ದೊಡ್ಡಬೆಳವಂಗಲದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಬಾಡಿಗೆ ಓಡಿಸುವವರಿಗೆ ಕಾರಿನ ಹೊರಮೈಗಿಂತ ಒಳಗಿನದೇ ಚಿಂತೆ. ಬಂಪರಿನ ಗೀರು ಹತ್ತುವಾಗ ಒಮ್ಮೆ ಕಾಣುತ್ತದೆ. ಡ್ಯಾಶ್‌ಬೋರ್ಡು ಇಳಿಯುವವರೆಗೂ ಕಣ್ಣೆದುರಿಗೇ ಇರುತ್ತದೆ. ನನ್ನ ಕಾರಿನ ಸ್ಟೀರಿಯೊ ಸುತ್ತಲಿನ ಪ್ಯಾನೆಲ್, ಎ.ಸಿ. ಕಿಂಡಿಗಳ ಅಂಚು, ಬಾಗಿಲ ಹಿಡಿ ಮೊದಲು ಅಂಟಂಟಾದವು, ಆಮೇಲೆ ಹಪ್ಪಳದ ಹಾಗೆ ಎದ್ದು ಉದುರತೊಡಗಿದವು. ಆಯುಧಪೂಜೆಗೆ ಇಟ್ಟ ಕುಂಕುಮ ಸಂಕ್ರಾಂತಿ ಬಂದರೂ ಬಿಡಲಿಲ್ಲ. ಹೆದ್ದಾರಿ 648ರ ಲಾರಿ ಧೂಳು ಬೇರೆ ಮೆತ್ತಿಕೊಂಡಿತು. ‘ಏನಣ್ಣಾ ಇದು, ಕೈಗೆಲ್ಲ ಅಂಟ್ತದಲ್ಲ’ ಅಂತ ಗಿರಾಕಿಗಳು ಕೇಳೋರು.

ಹಾಳಾಗಿದ್ದು ಪ್ಲಾಸ್ಟಿಕ್ ಅಲ್ಲ. ಮುಟ್ಟಿದರೆ ಮೆತ್ತಗಿರಲಿ ಎಂದು ಅದರ ಮೇಲೆ ಪಾಲಿಯುರೆಥೇನ್ ಬಣ್ಣದ ತೆಳು ಪದರ ಹೊಡೆದಿರುತ್ತಾರೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿ ದಾಟುವುದುಂಟು. ಆ ಶಾಖ, ಗಾಳಿಯ ತೇವ, ಕೈಬೆವರು ಎಲ್ಲ ಸೇರಿ ಪದರದ ಕಟ್ಟು ಬಿಚ್ಚಿಹೋಗುತ್ತದೆ. ಕೊರೋನಾ ಕಾಲದಲ್ಲಿ ನಾವೆಲ್ಲ ಪ್ರತಿ ಟ್ರಿಪ್ಪಿಗೂ ಸ್ಯಾನಿಟೈಸರ್ ಹಾಕಿ ಒರೆಸಿದೆವಲ್ಲ, ಅದರಲ್ಲಿನ ಆಲ್ಕೋಹಾಲ್ ಈ ಬಣ್ಣಕ್ಕೆ ಆಗದು.

ಹೊಸ ಪ್ಯಾನೆಲ್ಲಿನ ರೇಟು ಕೇಳಿ ಸುಮ್ಮನಾದೆ. ದೊಡ್ಡಬಳ್ಳಾಪುರದಲ್ಲಿ ಪೇಂಟ್ ಕೆಲಸ ಮಾಡುವವರೊಬ್ಬರು, ‘ಅಣ್ಣಾ, ಮೇಲೇ ಒಂದು ಕೋಟ್ ಹೊಡೀಬೌದು, ಆದ್ರೆ ಕೆಳಗಿಂದು ಎದ್ರೆ ನಮ್ದೂ ಅದ್ರ ಜೊತೆಗೇ ಏಳ್ತದೆ’ ಅಂದರು. ಕೆಲಸ ಬಿಟ್ಟುಕೊಟ್ಟು ನಿಜ ಹೇಳಿದ ಮನುಷ್ಯ! ಹಾಗಾಗಿ ಬಣ್ಣ ಪೂರ್ತಿ ತೆಗೆಯುವುದೆಂದು ತೀರ್ಮಾನಿಸಿದೆ.

ಪ್ಯಾನೆಲ್ ಕಳಚಲು ಮಟಮಟ ಮಧ್ಯಾಹ್ನವೇ ಒಳ್ಳೆಯದು. ಬಿಸಿಲಿಗೆ ಕ್ಲಿಪ್ಪುಗಳು ಮೆತ್ತಗಾಗಿ ಬಾಗುತ್ತವೆ. ಚಳಿಗಾಲದ ಬೆಳಿಗ್ಗೆ ಚಟ್ಟನೆ ಮುರಿಯುತ್ತವೆ. ಸ್ಕ್ರೂಡ್ರೈವರ್ ತೂರಿಸಿದರೆ ಅಂಚಿಗೆ ಗಾಯವಾಗುತ್ತದೆ, ಹಳೆಯ ಎಟಿಎಂ ಕಾರ್ಡು ಸಾಕು. ಕಳಚಿದ ಮೇಲೆ ಬೆನ್ನು ತಿರುಗಿಸಿ ನೋಡಿ. ಎಬಿಎಸ್ ಎಂದೋ ಪಿಪಿ ಎಂದೋ ಪ್ಲಾಸ್ಟಿಕ್ಕಿನ ಜಾತಿ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎಬಿಎಸ್ ಇದ್ದರೆ ಥಿನ್ನರ್ ಹತ್ತಿರಕ್ಕೂ ತರಬೇಡಿ, ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗುತ್ತದೆ. ನೇಲ್‌ಪಾಲಿಶ್ ತೆಗೆಯುವ ಅಸಿಟೋನ್ ಕೂಡ ಅಷ್ಟೇ.

ನಾನು ಬಳಸಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಪದರ ಕೆಡಿಸುವುದೇ ಪದರ ಬಿಡಿಸುವುದಕ್ಕೂ ಆಗುತ್ತದೆ. ಹಿಂಬದಿಯ ಮೂಲೆಯಲ್ಲಿ ಮೊದಲು ಒಂದು ತೊಟ್ಟು ಹಾಕಿ ನೋಡಿದೆ. ಆಮೇಲೆ ಅದರಲ್ಲಿ ನೆನೆಸಿದ ಹಳೇ ಬನಿಯನ್ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಕಪ್ಪು ಕೊಳೆಯಾಗಿ ಎದ್ದು ಬರುತ್ತದೆ. ಬೇಜಾರಿನ ಕೆಲಸ; ಬೆರಳಷ್ಟಗಲ ಮುಗಿಸುವುದರೊಳಗೆ ಬಟ್ಟೆ ಬದಲಿಸಬೇಕು. ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಬಯಲಲ್ಲೇ ಮಾಡಿ, ಬೀಡಿ, ಊದುಬತ್ತಿ ದೂರವಿರಲಿ. ಬಟನ್ನುಗಳ ಮೇಲಿನ ಗುರುತು ಅಳಿಸಿಹೋಗುತ್ತದೆ, ಅವನ್ನು ಮುಟ್ಟಬೇಡಿ.

ಕೆಳಗೆ ಸಿಕ್ಕಿದ್ದು ಮಂಕು ಕಪ್ಪಿನ ಗಟ್ಟಿ ಪ್ಲಾಸ್ಟಿಕ್. ನೋಡಲು ಹೊಸದರಷ್ಟು ಚೆಂದವಿಲ್ಲ, ನಿಜ. ಆದರೆ ಅಂಟುವುದಿಲ್ಲ, ಉದುರುವುದಿಲ್ಲ, ಒದ್ದೆ ಬಟ್ಟೆಗೆ ಕುಂಕುಮವೂ ಹೋಗುತ್ತದೆ. ಬಣ್ಣ ಬೇಕೇ ಬೇಕು ಅನ್ನುವವರು ನುಣುಪು ಎಮರಿ ಪೇಪರಿನಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು ಮುಂದುವರಿಯಬೇಕು. ಮೊದಲು ಹೊಳಪಿಗೆಂದು ಸಿಲಿಕೋನ್ ಪಾಲಿಶ್ ಹಚ್ಚಿದ್ದರೆ ಅದರ ಜಿಡ್ಡು ಹೋಗುವ ತನಕ ಯಾವ ಬಣ್ಣವೂ ನಿಲ್ಲದು.

ಎಡಗಡೆ ಏರ್‌ಬ್ಯಾಗ್ ಮುಚ್ಚಳವನ್ನು ಮಾತ್ರ ನಾನು ಮುಟ್ಟಲಿಲ್ಲ. ಹೊಸ ಕಾರುಗಳಲ್ಲಿ 2019ರ ಜುಲೈಯಿಂದ ಚಾಲಕನಿಗೆ, 2021ರಿಂದ ಮುಂದಿನ ಸೀಟಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಕಡ್ಡಾಯ. ಆ ಮುಚ್ಚಳ ಒಳಗಿನ ತೆಳು ಗೆರೆಯ ಉದ್ದಕ್ಕೆ ಸೀಳಿ ತೆರೆಯಬೇಕು. ಅದರ ಮೇಲೆ ಬಣ್ಣ, ಸ್ಟಿಕ್ಕರ್ ಯಾವುದೂ ಬೇಡ. ಅಲ್ಲಿ ಗಣೇಶನನ್ನು ಅಂಟಿಸಿರುವ ಡ್ರೈವರ್ ಅಣ್ಣಂದಿರೇ, ಏರ್‌ಬ್ಯಾಗ್ ಬಿಚ್ಚಿದಾಗ ಆ ಮೂರ್ತಿ ನೇರ ಪ್ರಯಾಣಿಕರ ಮುಖಕ್ಕೆ ಹಾರುತ್ತದೆ. ಇವತ್ತೇ ತೆಗೆದು ಬೇರೆ ಕಡೆ ಕೂರಿಸಿ.