ಜೋಳವನ್ನು ಹಗೇವಿಗೆ ತುಂಬುವ ಮೊದಲು

ಪಾಮನಕಲ್ಲೂರಿನ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳವು ಬಲಿಯುವಾಗ ರೈತನು ತೆನೆಯ ಭಾರವನ್ನು ನೋಡಿ ಚೀಲಗಳ ಲೆಕ್ಕ ಹಾಕುತ್ತಾನೆ. ಆದರೆ ಅದರಲ್ಲಿ ಎಷ್ಟು ಜೋಳವು ಮುಂದಿನ ಮಳೆಗಾಲದ ವರೆಗೆ ರೊಟ್ಟಿಗೆ ಉಳಿಯುವದೆಂಬದು ಕಣದಲ್ಲಿಯೇ ತೀರ್ಮಾನವಾಗುವದು. ಹುಳ ಬಿದ್ದ ಮೇಲೆ ಹಗೇವನ್ನು ದೂರುವವರು ಬಹು ಮಂದಿ; ಅದರಲ್ಲಿ ಹಸಿಕಾಳು ಸುರಿದ ಕೈಯನ್ನು ದೂರುವವರನ್ನು ನಾನು ಕಂಡಿಲ್ಲ.

ಕಾಳನ್ನು ತೆನೆಯಿಂದ ಬಿಡಿಸಿ ಅದರ ಬುಡವನ್ನು ನೋಡಿರಿ. ಅಲ್ಲಿ ಕರೀ ಚುಕ್ಕೆ ಕಂಡರೆ ಕಾಳು ಬಲಿತದೆ. ಇನ್ನು ದಂಟಿನಿಂದ ಅದಕ್ಕೆ ಬರತಕ್ಕದ್ದೇನೂ ಇಲ್ಲ. ಆದರೂ ಆಗ ಅದರ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲು ನೀರೇ ಇರುವದು. ಕೂಡಿಡುವ ಕಾಳಿನಲ್ಲಿ ಅದು 12 ಪಾಲನ್ನು ಮೀರಬಾರದು. ಆದಕಾರಣ ತೆನೆಗಳನ್ನು ಒಣಗಿಸಿ ರಾಶಿ ಮಾಡಿದ ಮೇಲೆಯೂ ಕಾಳನ್ನು ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ, ಇಬ್ಬನಿ ಬೀಳುವದಕ್ಕೆ ಮುಂಚೆ ಮುಚ್ಚಬೇಕು. ಈಗ ಅನೇಕರು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಗಾಲಿಗಳು ಕಾಳನ್ನು ಒಡೆಯುವವು, ಒಡೆದ ಕಾಳಿಗೆ ಹುಳವು ಬೇಗ ಹತ್ತುವದು. ದಾರಿಹೋಕರು ಜಾರಿ ಬೀಳುವದು ಬೇರೆ.

ಒಣಗಿತೋ ಇಲ್ಲವೋ ಎಂಬದನ್ನು ನಮ್ಮ ಹಿರಿಯರು ಹಲ್ಲಿನಿಂದ ಕಡಿದು ತಿಳಿಯುತ್ತಿದ್ದರು. ಸಂಶಯವಿದ್ದರೆ ಒಣ ಗಾಜಿನ ಶೀಶೆಯಲ್ಲಿ ಸ್ವಲ್ಪ ಕಾಳನ್ನೂ ಚೆನ್ನಾಗಿ ಒಣಗಿದ ಉಪ್ಪನ್ನೂ ಹಾಕಿ ಕುಲುಕಿರಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿಯಾಗಿದೆ. ಅಂಟದಿದ್ದರೂ ಇನ್ನೆರಡು ಬಿಸಿಲು ಕೊಡುವದು ಲೇಸು. ಯಾಕಂದರೆ ನೀರು 15 ಪಾಲಿಗೆ ಇಳಿದ ಮೇಲೆ ಉಪ್ಪು ಏನನ್ನೂ ತಿಳಿಸದು.

ಇದು ಬರೀ ನಷ್ಟದ ಮಾತಲ್ಲ. 1995ರಲ್ಲಿ ದಖ್ಖನದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳವನ್ನೂ ಮೆಕ್ಕೆಜೋಳವನ್ನೂ ತಿಂದ ಬಡಜನರು ಹೊಟ್ಟೆನೋವು, ಭೇದಿಗಳಿಂದ ಬಳಲಿದರು. ಬೂಷ್ಟಿನಿಂದ ಹುಟ್ಟಿದ ವಿಷವೇ ಕಾರಣವೆಂದು ತಜ್ಞರು ಕಂಡುಕೊಂಡರು. ಅಂಥಾ ವಿಷವು ತೊಳೆದರೂ ಬೇಯಿಸಿದರೂ ಪೂರ್ತಿ ಹೋಗದು.

ಇನ್ನು ಹಗೇವು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಕಾಳೂ ಹುಳವೂ ಉಸಿರಾಡಿ ಇದ್ದ ಪ್ರಾಣವಾಯುವನ್ನು ತೀರಿಸುವವು. ಆಗ ಹುಳವು ಸಾಯುವದು. ಬಹಳ ಜಾಣತನದ ಉಪಾಯ. ಆದರೆ ತುಂಗಭದ್ರೆಯ ಕಾಲುವೆ ಬಂದ ಸಿಂಧನೂರಿನ ಕಡೆಯ ತಗ್ಗುನೆಲಗಳಲ್ಲಿ ಭೂಮಿಯೇ ತೇವವಾದರೆ ಹಗೇವು ಕೆಲಸಕ್ಕೆ ಬಾರದು. ಅಂಥಲ್ಲಿ ಇದೇ ನಿಯಮದಿಂದ ನಡೆಯುವ, ಗಾಳಿಯಾಡದ ಪದರುಪದರಿನ ಪ್ಲಾಸ್ಟಿಕ್ ಚೀಲಗಳನ್ನು ಬಳಸಬಹುದು. 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಅಲಸಂದಿಯನ್ನು ಕಾಯುವದಕ್ಕೋಸ್ಕರ ಈ ಪದ್ಧತಿಯನ್ನು ರೂಪಿಸಿದರು. ಚೀಲದಲ್ಲಿ ಇಲಿ ಒಂದು ತೂತು ಮಾಡಿದರೆ ಎಲ್ಲವೂ ವ್ಯರ್ಥ.

ಹುಳವನ್ನು ಕೊಲ್ಲುವ ಆ ಗಾಳಿಯು ಮನುಷ್ಯನನ್ನೂ ಕೊಲ್ಲುವದೆಂಬದನ್ನು ಮರೆಯಬೇಡಿರಿ. ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯಬಾರದು. ಬಾಯಿ ತೆರೆದು ಒಂದು ದಿವಸ ಬಿಟ್ಟು, ಆಮೇಲೆ ಕಂದೀಲನ್ನು ಹಗ್ಗದಿಂದ ತಳದ ವರೆಗೆ ಇಳಿಸಿರಿ. ದೀಪವು ಮಂಕಾದರೆ ಇನ್ನೂ ಕಾಯಿರಿ. ಚೆನ್ನಾಗಿ ಉರಿದರೂ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತಿರಬೇಕು. ಒಳಗಿನವನು ಕರೆದರೆ ಓಗೊಡದಿದ್ದರೆ ಅವನನ್ನು ಹಗ್ಗದಿಂದಲೇ ಮೇಲಕ್ಕೆಳೆಯಿರಿ. ಅಣ್ಣನೇ ಆಗಲಿ ತಂದೆಯೇ ಆಗಲಿ, ಅವನ ಹಿಂದೆ ಹಾರಬೇಡಿರಿ.