ಮೊದಲು ಹಳಿ, ಆಮೇಲೆ ಚಕ್ರ, ಕೊನೆಗೆ ದೀಪ

ಎಚ್‌ಒ ಅಳತೆಯ ಅಗ್ಗದ ಪ್ಯಾಸೆಂಜರ್ ರೈಲು ಸೆಟ್ಟಿನಲ್ಲಿ ಸಿಗುವುದು ಇಷ್ಟು: ಒಂದು ಎಂಜಿನ್, ಮೂರೋ ನಾಲ್ಕೋ ಬೋಗಿ, ಒಂದು ಸುತ್ತಿಗೆ ಆಗುವಷ್ಟು ಹಳಿ, ವೇಗದ ಗುಂಡಿಯಿರುವ ಪವರ್ ಪ್ಯಾಕ್. ನಿಜವಾದ ರೈಲಿನ 87ನೇ ಒಂದು ಪಾಲು. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ., ಓಡುವುದು 12 ವೋಲ್ಟ್ ಡಿಸಿ ಕರೆಂಟಿನಲ್ಲಿ. ಇಂಗ್ಲೆಂಡಿನಿಂದ ತಂದ ಸೆಟ್ಟಾದರೆ ಅದು ಓಓ ಅಳತೆಯದು, 76ನೇ ಒಂದು ಪಾಲು. ಆದರೂ ಹಳಿಯ ಅಂತರ ಅದೇ 16.5 ಆದ್ದರಿಂದ ಎರಡೂ ಒಂದೇ ದಾರಿಯಲ್ಲಿ ಓಡುತ್ತವೆ.

ಇಂಥ ಸೆಟ್ಟು ಕೆಲವು ದಿನ ಚೆನ್ನಾಗಿ ಓಡಿ, ಆಮೇಲೆ ನಿಂತು ನಿಂತು ಸಾಗುತ್ತದೆ, ತಿರುವಿನಲ್ಲಿ ಹಳಿ ತಪ್ಪುತ್ತದೆ. ಮನೆಯವರು ಎಂಜಿನ್ ಕೆಟ್ಟಿತು ಅಂದುಕೊಳ್ಳುತ್ತಾರೆ. ನನ್ನದಲ್ಲದೆ ಗೆಳೆಯರ ಸೆಟ್ಟುಗಳನ್ನೂ ಬಿಚ್ಚಿ ಕಟ್ಟಿ ನೋಡಿದ ಮೇಲೆ ಹೇಳುತ್ತೇನೆ, ತೊಂದರೆ ಎಂಜಿನ್ನಿನಲ್ಲಿರುವುದು ಅಪರೂಪ. ಅದು ಹಳಿಗೂ ಚಕ್ರಕ್ಕೂ ನಡುವೆ ಇರುತ್ತದೆ. ಹಾಗಾಗಿ ದುಡ್ಡನ್ನೂ ಸಮಯವನ್ನೂ ಕೆಳಗಿನಿಂದ ಮೇಲಕ್ಕೆ ಹಾಕಬೇಕು.

1. ಪ್ಲಗ್ ಹಾಕುವ ಮೊದಲು ಅಡಾಪ್ಟರಿನ ಮೇಲಿನ ಅಕ್ಷರ ಓದಿ

ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಸೆಟ್ಟಿನ ಅಡಾಪ್ಟರು 120 ವೋಲ್ಟಿನದಾಗಿರಬಹುದು. ನಮ್ಮ ಗೋಡೆಯಲ್ಲಿ ಬರುವುದು 230. ಅಂಗಡಿಯಲ್ಲಿ ಸಿಗುವ ಪಿನ್ ಪರಿವರ್ತಕ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಅದನ್ನು ನಂಬಿ ಚುಚ್ಚಿದರೆ ಅಡಾಪ್ಟರು ಸುಟ್ಟುಹೋಗುತ್ತದೆ.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದು ದಾರಿ. ಅದಕ್ಕಿಂತ ಒಳ್ಳೆಯದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ 12 ವೋಲ್ಟ್, 1 ಅಥವಾ 2 ಆಂಪಿಯರಿನ ಡಿಸಿ ಅಡಾಪ್ಟರು, ಜೊತೆಗೆ ಒಂದು ಪಿಡಬ್ಲ್ಯುಎಂ ವೇಗ ನಿಯಂತ್ರಕ, ಹಿಂದೆ ಮುಂದೆ ಓಡಿಸಲು ಒಂದು ಡಿಪಿಡಿಟಿ ಸ್ವಿಚ್ಚು. ಪಿಡಬ್ಲ್ಯುಎಂ ಪೂರ್ತಿ ವೋಲ್ಟೇಜನ್ನೇ ಚೂರು ಚೂರಾಗಿ ಕೊಡುವುದರಿಂದ ಅಗ್ಗದ ಮೋಟರ್ ಕೂಡ ನಿಧಾನವಾಗಿ ಹೊರಡುತ್ತದೆ. ಕೊಳ್ಳುವ ಅಡಾಪ್ಟರಿಗೆ ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇರಲೇಬೇಕು. ಹಳಿ ತಪ್ಪಿದ ಲೋಹದ ಚಕ್ರ ಎರಡೂ ಹಳಿಗಳಿಗೆ ಒಟ್ಟಿಗೆ ತಾಗಿ ಶಾರ್ಟ್ ಆಗುವುದು ಈ ಹವ್ಯಾಸದಲ್ಲಿ ದಿನನಿತ್ಯದ ಸಂಗತಿ.

2. ನೆಲದ ಮೇಲೆ ಹಳಿ ಹಾಕಬೇಡಿ

ನೆಲದ ಮೇಲಿನ ಕೂದಲು, ಬಟ್ಟೆಯ ನೂಲು, ಧೂಳು ಎಲ್ಲ ಎಂಜಿನ್ನಿನ ಗಿಯರಿಗೆ ಸುತ್ತಿಕೊಳ್ಳುತ್ತವೆ. 8 ಅಡಿ ಉದ್ದ 4 ಅಡಿ ಅಗಲದ, 12 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಲಗೆ, ಅದು ಬಾಗದಂತೆ ಕೆಳಗೆ ರೀಪರ್ ಪಟ್ಟಿಗಳ ಚೌಕಟ್ಟು, ಇಷ್ಟು ಸಾಕು. ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಬರುವ ತಿರುವಿನ ತ್ರಿಜ್ಯ 18 ಇಂಚು, 12 ತುಂಡು ಸೇರಿದರೆ ಪೂರ್ತಿ ವೃತ್ತ. ಅಡ್ಡಳತೆ 36 ಇಂಚು ಆಗುವುದರಿಂದ 4 ಅಡಿ ಅಗಲದಲ್ಲಿ ಆರಾಮವಾಗಿ ಕೂರುತ್ತದೆ.

ಜೋಡಿಸಿದ ಮೇಲೆ ರಸಮಟ್ಟ ಇಟ್ಟು ನೋಡಿ. ಪ್ರತಿ ಜೋಡಣೆಯ ಮೇಲೂ ಉಗುರು ಎಳೆಯಿರಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಚಕ್ರವೂ ತಡೆಯುತ್ತದೆ. ನಮ್ಮ ರೈಲ್ವೆಯಲ್ಲಿ ಕೀಮನ್ ತನ್ನ ಪಾಲಿನ ಹಳಿಯನ್ನು ದಿನವೂ ನಡೆದೇ ನೋಡುತ್ತಾನೆ. ಮನೆಯ ರೈಲಿಗೂ ಓಡಿಸುವ ಮುನ್ನ ಒಂದು ಸಲ ಕೈಯಾಡಿಸುವ ಅಭ್ಯಾಸ ಬೇಕು.

3. ಹಳಿ ಒರೆಸಿ, ಉಜ್ಜಬೇಡಿ

ಕರೆಂಟು ಹರಿಯುವುದು ಹಳಿಯ ತಲೆಯ ಮೇಲಿನ ಸಣ್ಣದೊಂದು ಜಾಗದ ಮೂಲಕ. ಅಲ್ಲಿ ಧೂಳು, ಎಣ್ಣೆ ಸೇರಿ ಕಪ್ಪು ಪದರ ಕಟ್ಟಿತೆಂದರೆ ಎಂಜಿನ್ ತಡವರಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಮರಳು ಕಾಗದದಿಂದ ಉಜ್ಜಿದರೆ ಅಂದು ಹೊಳೆಯುತ್ತದೆ, ಆದರೆ ಬಿದ್ದ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಅಗ್ಗದ ಸೆಟ್ಟಿನ ಹಳಿ ಹಲವು ಸಲ ಉಕ್ಕಿನದು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಅದು ತುಕ್ಕು ಹಿಡಿಯದೆ ಇರುವುದಿಲ್ಲ. ಕರಾವಳಿಯವರು ಹಳಿ ಹೆಚ್ಚಿಸುವುದಾದರೆ ನಿಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಲಿ. ಅದು ತಾಮ್ರ, ನಿಕಲ್, ಸತು ಬೆರೆತ ಲೋಹ, ತುಕ್ಕಿನ ಭಯವಿಲ್ಲ.

4. ಕರೆಂಟನ್ನು ಎರಡು ಮೂರು ಕಡೆ ಕೊಡಿ

ಸೆಟ್ಟಿನಲ್ಲಿ ತಂತಿ ಜೋಡಿಸುವುದು ಒಂದೇ ಹಳಿ ತುಂಡಿಗೆ. ಅಲ್ಲಿಂದ ದೂರ ಹೋದ ಹಾಗೆ ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜು ಸೋರುತ್ತದೆ. ರೈಲು ಸುತ್ತಿನ ಆಚೆ ಬದಿಯಲ್ಲಿ ನಿಧಾನವಾಗಿ ಈಚೆ ಬದಿಗೆ ಬಂದೊಡನೆ ಜೋರಾಗುತ್ತಿದ್ದರೆ ಕಾರಣ ಇದೇ. ಒಳಗಿನ ಹಳಿಗೆ ಕೆಂಪು, ಹೊರಗಿನ ಹಳಿಗೆ ಕಪ್ಪು ಎಂದು ನಿರ್ಧರಿಸಿ, ಹಲಗೆಯ ಕೆಳಗಿನಿಂದ ತಂತಿ ಎಳೆದು, ಎದುರು ಬದಿಯ ಹಳಿಗೂ ಬೆಸುಗೆ ಹಾಕಿ. ಬೆಸುಗೆಯ ಜಾಗದ ಎರಡೂ ಬದಿಗೆ ಒದ್ದೆ ಹತ್ತಿ ಇಟ್ಟರೆ ಪ್ಲಾಸ್ಟಿಕ್ ಸ್ಲೀಪರ್ ಕರಗುವುದಿಲ್ಲ.

5. ಬೋಗಿಯ ಉದ್ದವನ್ನು ತಿರುವು ತೀರ್ಮಾನಿಸುತ್ತದೆ

ಪ್ಯಾಸೆಂಜರ್ ರೈಲಿನ ಕಷ್ಟವೆಲ್ಲ ಇಲ್ಲಿದೆ. ಗೂಡ್ಸ್ ವ್ಯಾಗನ್ನು ಗಿಡ್ಡ, ಎಂಥ ತಿರುವಿನಲ್ಲೂ ತೂರಿಕೊಳ್ಳುತ್ತದೆ. ಬೋಗಿ ಹಾಗಲ್ಲ. ಪೆರಂಬೂರಿನ ಬೋಗಿ ಕಾರ್ಖಾನೆ ಐಸಿಎಫ್‌ನ ವಿನ್ಯಾಸದ ಬೋಗಿ 21.3 ಮೀಟರ್ ಉದ್ದ, ಎಚ್‌ಒ ಅಳತೆಯಲ್ಲಿ ಅದು 245 ಮಿ.ಮೀ. ಆಗುತ್ತದೆ. ಭಾರತದ ಬ್ರಾಡ್‌ಗೇಜಿನಲ್ಲಿ ಅನುಮತಿ ಇರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್, ಅಂದರೆ ಎಚ್‌ಒದಲ್ಲಿ 2 ಮೀಟರ್. ನಮ್ಮ ಸೆಟ್ಟಿನ 18 ಇಂಚಿನ ತಿರುವು ನಿಜದ ಅಳತೆಯಲ್ಲಿ ಬರೀ 40 ಮೀಟರ್. ನಿಜವಾದ ಬ್ರಾಡ್‌ಗೇಜ್ ರೈಲಿಗೆ ಎಂದೂ ಒಡ್ಡದ ತಿರುವನ್ನು ಈ ಪುಟ್ಟ ಬೋಗಿಗಳು ಪ್ರತಿ ಸುತ್ತಿನಲ್ಲೂ ಎರಡು ಸಲ ದಾಟುತ್ತವೆ. ಇದನ್ನು ಅರಿತ ಮೇಲೆ ಅವು ಹಳಿ ತಪ್ಪಿದಾಗ ಸಿಟ್ಟು ಬರುವುದಿಲ್ಲ, ಅಷ್ಟಾದರೂ ಓಡುತ್ತವಲ್ಲ ಎಂದು ಮೆಚ್ಚುಗೆಯಾಗುತ್ತದೆ.

ಹವ್ಯಾಸಿಗಳು ಪಾಲಿಸುವ ಒಂದು ಲೆಕ್ಕವಿದೆ: ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟು ಇದ್ದರೆ ನೆಮ್ಮದಿಯ ಓಟ, ಎರಡೂವರೆ ಪಟ್ಟು ಇದ್ದರೆ ಹೇಗೋ ನಡೆಯುತ್ತದೆ, ಎರಡಕ್ಕಿಂತ ಕಡಿಮೆಯಾದರೆ ಪ್ರತಿಯೊಂದು ಬೋಗಿಯನ್ನೂ ಪರೀಕ್ಷಿಸಬೇಕು. ಪೂರ್ತಿ ಅಳತೆಯ ಐಸಿಎಫ್ ಬೋಗಿಗೆ ಮೂರು ಪಟ್ಟೆಂದರೆ 29 ಇಂಚು. 4 ಅಡಿ ಹಲಗೆಯಲ್ಲಿ ಅದು ಆಗದ ಮಾತು. ಅದಕ್ಕೇ ಎಷ್ಟೋ ಸೆಟ್ಟುಗಳಲ್ಲಿ ಒಂದೆರಡು ಕಿಟಕಿ ಕಡಿಮೆ ಮಾಡಿದ ಗಿಡ್ಡ ಬೋಗಿಗಳನ್ನು ಕೊಡುತ್ತಾರೆ. ಅವನ್ನು ಕೀಳಾಗಿ ಕಾಣಬೇಡಿ, ಅವು ಆ ತಿರುವಿಗೆಂದೇ ಮಾಡಿದವು. ಉದ್ದದ ಬೋಗಿ ಬೇಕೇ ಬೇಕು ಅನ್ನುವವರು ಮೊದಲು 22 ಇಂಚಿನ ತಿರುವಿನ ಹಳಿ ಕೊಳ್ಳಲಿ. 4 ಅಡಿ ಅಗಲದ ಹಲಗೆಯಲ್ಲಿ ಸುರಕ್ಷಿತವಾಗಿ ಕೂರುವ ದೊಡ್ಡ ತಿರುವು ಅದೇ.

6. ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ ಚಕ್ರ ಹಾಕಿ

ಒಂದೇ ಒಂದು ಸುಧಾರಣೆಗೆ ಮಾತ್ರ ದುಡ್ಡಿದೆ ಅನ್ನುವವರಿಗೆ ನನ್ನ ಉತ್ತರ ಇದು. ಪ್ಲಾಸ್ಟಿಕ್ ಚಕ್ರ ಕೊಳೆಯನ್ನು ಎತ್ತಿಕೊಂಡು ಹಳಿಯುದ್ದಕ್ಕೂ ಬಳಿಯುತ್ತದೆ. ಲೋಹದ ಚಕ್ರ ಹಗುರವಾಗಿ ಉರುಳುತ್ತದೆ, ಬೋಗಿಯ ತೂಕದ ಕೇಂದ್ರವನ್ನು ಕೆಳಗೆ ತರುತ್ತದೆ, ಹಳಿಯ ಮೇಲೆ ನಿಜವಾದ ರೈಲಿನ ಸದ್ದು ಕೊಡುತ್ತದೆ. ಐಸಿಎಫ್ ಬೋಗಿಯ ಹೊಸ ಚಕ್ರದ ವ್ಯಾಸ 915 ಮಿ.ಮೀ., ಅಮೆರಿಕದ ಪ್ಯಾಸೆಂಜರ್ ಬೋಗಿಯದು 36 ಇಂಚು. ಎರಡೂ ಎಚ್‌ಒದಲ್ಲಿ 10.5 ಮಿ.ಮೀ. ಆಗುತ್ತವೆ. ಆದ್ದರಿಂದ ಅಂಗಡಿಯಲ್ಲಿ 36 ಇಂಚಿನ ಚಕ್ರ ಎಂದೇ ಕೇಳಿ. ಗೂಡ್ಸಿನ 33 ಇಂಚಿನದು ಹಾಕಿದರೆ ಬೋಗಿ ತಗ್ಗಿ, ಕೊಂಡಿಗಳು ಒಂದಕ್ಕೊಂದು ಸರಿಯಾಗಿ ಸೇರದೆ ಇರಬಹುದು. ಅಚ್ಚಿನ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ಹೋಲಿಸಿ ಕೊಳ್ಳಿ.

ಹೊಸ ಚಕ್ರವಾದರೂ ಒಳಬದಿಯಿಂದ ಒಳಬದಿಗೆ ವರ್ನಿಯರಿನಲ್ಲಿ ಅಳೆಯಿರಿ, ಸುಮಾರು 14.4 ಮಿ.ಮೀ. ಇರಬೇಕು. ಹಳಿ ಕವಲೊಡೆಯುವ ಪಾಯಿಂಟ್ಸ್ ದಾಟುವಾಗ ಹಾರುವ ಬೋಗಿಯ ರೋಗ ಬಹುಮಟ್ಟಿಗೆ ಇಲ್ಲಿಯೇ ಸಿಗುತ್ತದೆ.

7. ಎಲ್ಲ ಬೋಗಿಗೂ ಒಂದೇ ತೂಕ

1935ರಲ್ಲಿ ಹುಟ್ಟಿದ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಒಂದು ಶಿಫಾರಸು ಕೊಟ್ಟಿದೆ: ಎಚ್‌ಒ ಬೋಗಿಗೆ ಮೂಲ 1 ಔನ್ಸ್, ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 9 ಇಂಚಿನ ಬೋಗಿಗೆ ಇದು ಸುಮಾರು 155 ಗ್ರಾಂ. ಸೆಟ್ಟಿನ ಬೋಗಿಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹಗುರ. ಹಗುರವಾದ ಬೋಗಿ ಎಂಜಿನ್ನಿನ ಹಿಂದೆಯೇ ಇದ್ದು, ಭಾರದವು ಅದರ ಹಿಂದೆ ಇದ್ದರೆ ತಿರುವಿನಲ್ಲಿ ಅದನ್ನು ಒಳಬದಿಗೆ ಎಳೆದು ಕೆಡವುತ್ತವೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬೋಗಿಯ ನೆಲಕ್ಕೆ, ಚಕ್ರಗಳ ಮೇಲೇ ಬರುವಂತೆ, ಉಕ್ಕಿನ ನಟ್ಟುಗಳನ್ನು ಅಂಟಿಸಿ. ಅಗ್ಗದ ಎಂಜಿನ್ನಿಗೆ ಪೂರ್ತಿ 155 ಗ್ರಾಮಿನ ನಾಲ್ಕು ಬೋಗಿ ಎಳೆಯುವ ಶಕ್ತಿ ಇಲ್ಲದೆ ಇರಬಹುದು. ಆಗ 120ಕ್ಕೆ ಇಳಿಸಿ, ಆದರೆ ಎಲ್ಲವನ್ನೂ 120ಕ್ಕೇ ಇಳಿಸಿ. ಅಂಕಿಗಿಂತ ಸಮಾನತೆ ಮುಖ್ಯ ಅನ್ನುವುದು ನನ್ನ ಖಚಿತ ಅಭಿಪ್ರಾಯ.

8. ಚಕ್ರದ ಚೌಕಟ್ಟಿಗೇ ಕೂಡಿದ ಕೊಂಡಿಯನ್ನು ಹಾಗೇ ಬಿಡಿ

ಕೊಂಡಿ ಬೋಗಿಯ ಮೈಗೆ ಇರುವುದೇ ಸರಿ ಎಂದು ಪುಸ್ತಕಗಳು ಹೇಳುತ್ತವೆ. ಗೂಡ್ಸಿಗೆ ಅದು ನಿಜ. 18 ಇಂಚಿನ ತಿರುವಿನಲ್ಲಿ ಉದ್ದ ಬೋಗಿಯ ತುದಿ ಹಳಿಯಿಂದ ಹೊರಗೆ ಚಾಚುವುದರಿಂದ, ಮೈಗೆ ಕೂಡಿಸಿದ ಕೊಂಡಿ ಪಕ್ಕದ ಬೋಗಿಯನ್ನು ತಳ್ಳಿಬಿಡುತ್ತದೆ. ಚೌಕಟ್ಟಿಗೆ ಕೂಡಿದ ಕೊಂಡಿ ತೊಂದರೆ ಕೊಡುವುದು ಹಿಮ್ಮುಖವಾಗಿ ನೂಕುವಾಗ. ಪ್ಯಾಸೆಂಜರ್ ರೈಲನ್ನು ಹಾಗೆ ನೂಕುವುದು ಅಪರೂಪವಾದ್ದರಿಂದ ಇಲ್ಲಿ ರಾಜಿ ಮಾಡಿಕೊಳ್ಳಬಹುದು.

9. ಎಂಜಿನ್ನಿಗೆ ಎಣ್ಣೆ ತೊಟ್ಟಿನಷ್ಟು, ಕರೆಂಟು ಎಲ್ಲ ಚಕ್ರದಿಂದ

ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಅಚ್ಚಿಗೆ ಮುಟ್ಟಿಸಿ, ಅಷ್ಟೇ. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಗಿಯರು ಅಂಟಿಕೊಳ್ಳುತ್ತದೆ.

ಅಗ್ಗದ ಎಂಜಿನ್ನುಗಳಲ್ಲಿ ಕೆಲವು ಚಕ್ರ ಮಾತ್ರ ಕರೆಂಟು ಹೀರುತ್ತವೆ. ಪಾಯಿಂಟ್ಸಿನ ಪ್ಲಾಸ್ಟಿಕ್ ಭಾಗದ ಮೇಲೆ ಬಂದಾಗ ಎಂಜಿನ್ ಸತ್ತಂತೆ ನಿಲ್ಲುವುದು ಅದಕ್ಕೇ. ತೆಳುವಾದ ಫಾಸ್ಫರ್ ಬ್ರಾಂಜ್ ತಂತಿಯನ್ನು ಉಳಿದ ಲೋಹದ ಚಕ್ರಗಳ ಹಿಂಬದಿಗೆ ಮೃದುವಾಗಿ ತಾಗುವಂತೆ ಕೂಡಿಸಿದರೆ ಈ ತೊಂದರೆ ನಿಲ್ಲುತ್ತದೆ. ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆಯ ಯೋಚನೆ ಇದಾದ ಮೇಲಿನ ಮಾತು.

10. ಬೋಗಿಯ ದೀಪ, ಒಳಗಿನ ಜನ

12 ವೋಲ್ಟಿನ ಎಲ್‌ಇಡಿ ಪಟ್ಟಿ ರೈಲು ನಿಧಾನವಾದಾಗ ಆರಿಹೋಗುತ್ತದೆ. ಬಿಡಿ ಎಲ್‌ಇಡಿಗಳನ್ನು ತಲಾ ಒಂದು ಕಿಲೋ ಓಮ್ ರೆಸಿಸ್ಟರಿನೊಂದಿಗೆ ಜೋಡಿಸಿ, ಮುಂದೆ ಬ್ರಿಡ್ಜ್ ರೆಕ್ಟಿಫೈಯರ್ ಇಟ್ಟರೆ ಯಾವ ದಿಕ್ಕಿಗೆ ಓಡಿದರೂ ಉರಿಯುತ್ತವೆ. 470 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಮಿಣುಕನ್ನು ತಡೆಯುತ್ತದೆ. ಸೀಟುಗಳಿಗೆ ಬಣ್ಣ ಬಳಿದು ಕಿಟಕಿಯ ಬಳಿ ನಾಲ್ಕು ಜನರನ್ನು ಕೂರಿಸಿದರೆ ಖಾಲಿ ಡಬ್ಬಿ ಪ್ಯಾಸೆಂಜರ್ ಬೋಗಿಯಾಗುತ್ತದೆ.

11. ನಿಧಾನವಾಗಿ ಓಡಿಸಿ

ಗಂಟೆಗೆ 60 ಕಿ.ಮೀ. ವೇಗದ ಪ್ಯಾಸೆಂಜರ್ ರೈಲು ಎಚ್‌ಒದಲ್ಲಿ ಸೆಕೆಂಡಿಗೆ 19 ಸೆಂ.ಮೀ. ಸಾಗಬೇಕು. 18 ಇಂಚಿನ ವೃತ್ತವನ್ನು ಸುತ್ತಲು 15 ಸೆಕೆಂಡು. ಗಡಿಯಾರ ಹಿಡಿದು ನೋಡಿ, ಬಹಳಷ್ಟು ಮನೆಗಳಲ್ಲಿ ಇದರ ಎರಡು ಮೂರು ಪಟ್ಟು ವೇಗದಲ್ಲಿ ಓಡಿಸುತ್ತಿರುತ್ತಾರೆ. ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಹೊರಡಿಸಿ, ನಿಲ್ದಾಣದಲ್ಲಿ ನಿಲ್ಲಿಸಿ, ಒಂದು ವೇಳಾಪಟ್ಟಿ ಬರೆದಿಟ್ಟು ಅದರಂತೆ ನಡೆಸಿ. ಮಕ್ಕಳಿಗೆ ಇದರಷ್ಟು ಹಿಡಿಸುವ ಆಟ ಇನ್ನೊಂದಿಲ್ಲ.

ಬಣ್ಣಕ್ಕೆ ಕೈ ಹಾಕುವ ಮೊದಲು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಮನೆಮಂದಿಯೊಂದಿಗೆ ಹೋಗಿ, ನಿಜವಾದ ಬೋಗಿಯ ಚಕ್ರ, ಕೊಂಡಿ, ಕಿಟಕಿಗಳನ್ನು ಹತ್ತಿರದಿಂದ ನೋಡಿ. ಪುಣೆಯ ಕೊತ್ರೂಡ್‌ಗೆ ಹೋಗುವ ಅವಕಾಶವಿದ್ದರೆ ಅಲ್ಲಿನ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯವನ್ನು ತಪ್ಪಿಸಬೇಡಿ.